ರ್ಯೋಕಾನ್‌ನಲ್ಲಿ ಒಂದು ರಾತ್ರಿ: ದುಡ್ಡೂ ಹೋಯ್ತು, ನಿದ್ದೆಯೂ ಹೋಯ್ತು. ತಪ್ಪಿದ್ದೆಲ್ಲಿ?

ಮಲೆನಾಡಮಳೆ
ಜಪಾನಿನ ಹಕೋನೆ ಕಡೆಯ ಒಂದು ರ್ಯೋಕಾನ್, ಅಂದರೆ ಜಪಾನಿನ ಸಾಂಪ್ರದಾಯಿಕ ತಂಗುಮನೆ. ಹೆಸರು ಬೇಡ. ಇಬ್ಬರಿಗೆ ಒಂದು ರಾತ್ರಿ, ಎರಡು ಊಟ ಸೇರಿ 58,000 ಯೆನ್. ನಮ್ಮ ದುಡ್ಡಲ್ಲಿ ಮೂವತ್ತು ಸಾವಿರ ದಾಟುತ್ತೆ. ಜಾಹೀರಾತಿನಲ್ಲಿ ಇದ್ದದ್ದು: ಹಳೇ ಶೈಲಿಯ ಮನೆ, ನೈಸರ್ಗಿಕ ಓನ್ಸೆನ್ (ಬಿಸಿನೀರಿನ ಬುಗ್ಗೆಯ ಸ್ನಾನ), ಕೋಣೆಗೇ ಸೇರಿದ ಬಯಲು ಸ್ನಾನದ ತೊಟ್ಟಿ, ಸಸ್ಯಾಹಾರಕ್ಕೆ ವ್ಯವಸ್ಥೆ. ಸಿಕ್ಕಿದ್ದು: ದೊಡ್ಡ ತೊಟ್ಟಿಯಲ್ಲಿ ಈಜುಕೊಳದ ಕ್ಲೋರಿನ್ ವಾಸನೆ, ಕೋಣೆಯ ತೊಟ್ಟಿಯಲ್ಲಿ ಬಣ್ಣ ರುಚಿ ವಾಸನೆ ಏನೂ ಇಲ್ಲದ ನೀರು, ಒಂಬತ್ತು ಬಟ್ಟಲಿನ ಊಟದಲ್ಲಿ ತಿನ್ನಲಾದದ್ದು ಅನ್ನ ಮತ್ತು ಎರಡು ತರಕಾರಿ, ಬೆನ್ನಿಗೆ ನೆಲ ತಾಗುವಷ್ಟು ತೆಳುವಾದ ಹಾಸಿಗೆ.
ಪ್ರಶ್ನೆ ಎರಡು. ಇದು ಮೋಸವೋ, ಬುಕ್ ಮಾಡುವಾಗ ಓದಿದ್ದೇ ತಪ್ಪೋ? ಮುಂದಿನ ಸಲ ಬುಕ್ ಮಾಡುವ ಮುಂಚೆ ಏನೇನು ಕೇಳಿಕೊಳ್ಳಬೇಕು?

ಧಾರ್ವಾಡಫೇಡೆ
ಮೋಸ ಅಂತ ಒಮ್ಮೆಲೇ ಅನಬ್ಯಾಡ್ರಿ. ರ್ಯೋಕಾನ್ ದರ ಕೋಣೆಗೆ ಅಲ್ಲ, ತಲಿಗೆ. ತಲಾ 29,000 ಯೆನ್‌ದಾಗ ಊಟದ ಪಾಲೇ ದೊಡ್ಡದಿರ್ತದ. ಕೋಣೆ ದರ ಅಂತ ಲೆಕ್ಕ ಹಾಕಿದ್ರ ಎಲ್ಲಾನೂ ತುಟ್ಟಿನೇ ಕಾಣ್ತದ.

ಹಂಡೆನೀರು
ನೀರಿನ ವಿಷಯ ನಾನು ತಗೊಳ್ತೀನಿ, ಊಟದ ವಿಷಯ ಬೇರೆ ಯಾರಾದ್ರೂ ಹೇಳಿ.

"ನೈಸರ್ಗಿಕ ಓನ್ಸೆನ್" ಅನ್ನೋ ಮಾತು ಸುಳ್ಳಾಗಿರಲಿಕ್ಕಿಲ್ಲ. ಜಪಾನಿನ 1948ರ ಓನ್ಸೆನ್ ಕಾನೂನಿನ ಪ್ರಕಾರ ನೆಲದಿಂದ ಹೊರಬರುವ ಜಾಗದಲ್ಲಿ ನೀರು 25 ಡಿಗ್ರಿ ಇದ್ದರೆ ಸಾಕು, ಅದು ಓನ್ಸೆನ್. 25ಕ್ಕಿಂತ ತಣ್ಣಗಿದ್ದರೂ ಪಟ್ಟಿಯಲ್ಲಿರುವ 19 ವಸ್ತುಗಳಲ್ಲಿ ಯಾವುದಾದರೂ ಒಂದು ನಿಗದಿ ಪ್ರಮಾಣದಲ್ಲಿದ್ದರೆ ಆಗಲೂ ಓನ್ಸೆನ್. ಅಂದ್ರೆ ಕಾನೂನು ನೋಡೋದು ಬುಗ್ಗೆಯ ಬಾಯಲ್ಲಿರುವ ನೀರನ್ನ. ಅಲ್ಲಿಂದ ನಿಮ್ಮ ತೊಟ್ಟಿಗೆ ಬರುವಷ್ಟರಲ್ಲಿ ಅದಕ್ಕೆ ತಣ್ಣೀರು ಬೆರೆಸಿರಬಹುದು, ಕಾಯಿಸಿರಬಹುದು, ಅದೇ ನೀರನ್ನ ಸೋಸಿ ಸೋಸಿ ಮತ್ತೆ ಬಿಡ್ತಿರಬಹುದು, ಕ್ಲೋರಿನ್ ಹಾಕಿರಬಹುದು. ಹೆಸರು ಮಾತ್ರ ಓನ್ಸೆನ್ ಅಂತಲೇ ಉಳಿಯುತ್ತೆ.

ನಿಮಗೆ ಬೇಕಿದ್ದ ಮಾತು "ಗೆನ್‌ಸೆನ್ ಕಾಕೆನಾಗಾಶಿ". ಬುಗ್ಗೆಯ ನೀರು ಒಂದು ಕಡೆ ಬಂದು, ತೊಟ್ಟಿ ತುಂಬಿ, ಅಂಚಿನಿಂದ ಹರಿದು ಹೋಗೋದು, ವಾಪಸ್ ಬರದೇ ಇರೋದು. ಜಾಹೀರಾತಿನಲ್ಲಿ ಆ ಪದ ಇಲ್ಲದಿದ್ದರೆ ಇಲ್ಲ ಅಂತಲೇ ತಿಳ್ಕೊಳ್ಳಿ. ಇರೋವ್ರು ಅದನ್ನ ಹೇಳದೆ ಬಿಡೋದಿಲ್ಲ.

ಕುಡ್ಲದಕಡಲು
25 ಡಿಗ್ರಿಯಾ! ಹಾಗಾದ್ರೆ ನಮ್ಮ ಪುತ್ತೂರಿನ ಇರ್ದೆ ಹತ್ರ ಬೆಂದ್ರ್ ತೀರ್ಥ ಉಂಟಲ್ಲ, ಅದು ಕಣ್ಣು ಮುಚ್ಚಿ ಪಾಸು ಮಾರಾಯ್ರೆ.

ಹಂಡೆನೀರು
@ಕುಡ್ಲದಕಡಲು ಬೆಂದ್ರ್ ತೀರ್ಥ ಬಿಡಿ, ರಾಯಚೂರು ಕಡೆಯ ಆಳದ ಬೋರ್‌ವೆಲ್ ನೀರೂ 25 ದಾಟುತ್ತೆ. ಜಪಾನಿನ ಸಾಮಾನ್ಯ ಅಂತರ್ಜಲ ನಮ್ಮದಕ್ಕಿಂತ ತುಂಬಾ ತಣ್ಣಗಿರೋದ್ರಿಂದ ಅಲ್ಲಿಗೆ 25 ಅನ್ನೋದು ಅರ್ಥಪೂರ್ಣ ಗೆರೆ. ಆದ್ರೆ ಆಳಕ್ಕೆ ಹೋದಂತೆ ಪ್ರತಿ 100 ಮೀಟರ್‌ಗೆ ಸರಾಸರಿ 3 ಡಿಗ್ರಿ ಏರುತ್ತೆ. 1,000 ಮೀಟರ್ ಕೊರೆದರೆ ಜ್ವಾಲಾಮುಖಿಯೇ ಇಲ್ಲದ ಊರಲ್ಲೂ ಓನ್ಸೆನ್ ಸಿಗುತ್ತೆ. ಟೋಕಿಯೋ ನಗರದ ನಡುವೆಯೇ ಓನ್ಸೆನ್‌ಗಳು ಇರೋದು ಹೀಗೆ.

ಇಗುಸಾ
ಹಂಡೆನೀರು ಹೇಳಿದ್ದಕ್ಕೆ ಒಂದು ಮುಖ್ಯ ಸೇರ್ಪಡೆ. 2004ರಲ್ಲಿ ನಾಗಾನೊ ಪ್ರಾಂತ್ಯದ ಶಿರಾಹೊನೆ ಅನ್ನೋ ಹೆಸರಾಂತ ಊರಲ್ಲಿ, ಹಾಲಿನಂತೆ ಬೆಳ್ಳಗಿರಬೇಕಾದ ನೀರು ತಿಳಿಯಾಗ್ತಿದೆ ಅಂತ ಸ್ನಾನದ ಪುಡಿ ಬೆರೆಸ್ತಿದ್ದದ್ದು ಬಯಲಾಯ್ತು. ದೊಡ್ಡ ಗಲಾಟೆ ಆಯ್ತು. ಅದರ ಮರುವರ್ಷ, 2005ರಲ್ಲಿ, ನಿಯಮ ಬದಲಾಯ್ತು: ನೀರು ಬೆರೆಸಿದ್ರೆ, ಕಾಯಿಸಿದ್ರೆ, ಮರುಬಳಕೆ ಮಾಡಿದ್ರೆ, ಪುಡಿಯನ್ನೋ ಕ್ರಿಮಿನಾಶಕವನ್ನೋ ಹಾಕಿದ್ರೆ, ಕಾರಣದ ಸಮೇತ ಬೋರ್ಡ್ ಹಾಕಲೇಬೇಕು. ಆ ಬೋರ್ಡ್ ಬಟ್ಟೆ ಬದಲಿಸೋ ಕೋಣೆಯ ಗೋಡೆ ಮೇಲಿರುತ್ತೆ, ನೀರಿನ ವಿಶ್ಲೇಷಣೆ ಪತ್ರದ ಪಕ್ಕ. ಹತ್ತು ವರ್ಷಕ್ಕೊಮ್ಮೆ ವಿಶ್ಲೇಷಣೆ ಹೊಸದಾಗಿ ಮಾಡಿಸಬೇಕು, ದಿನಾಂಕ ಅದರಲ್ಲೇ ಇರುತ್ತೆ.
ಹಾಗಾಗಿ ಬೋರ್ಡಿನಲ್ಲಿ ಬರೆದಿದ್ರೆ ಕಾನೂನಿನ ಪ್ರಕಾರ ಮೋಸ ಅಲ್ಲ.

ಮಲೆನಾಡಮಳೆ
ಬೋರ್ಡ್ ಇತ್ತು. ಪೂರ್ತಿ ಜಪಾನಿಯಲ್ಲಿ. ದುಡ್ಡು ಕಟ್ಟಿ, ಊರು ದಾಟಿ, ಬಟ್ಟೆ ಬಿಚ್ಚಿದ ಮೇಲೆ ಸಿಗುವ ಮಾಹಿತಿಯಿಂದ ಏನು ಪ್ರಯೋಜನ?

ದಾರಿಬುತ್ತಿ
+1. ಬಟ್ಟೆ ಬದಲಿಸೋ ಕೋಣೆಯಲ್ಲಿ ಮೊಬೈಲ್ ಹೊರತೆಗೆಯೋ ಹಾಗೂ ಇಲ್ಲ, ಫೋಟೋ ಹಿಡಿದು ಅನುವಾದ ಮಾಡೋಣ ಅಂದ್ರೆ.

ಇಗುಸಾ
ಅದಕ್ಕೇ ಮೊದಲೇ ಕೇಳಬೇಕು. "ಓನ್ಸೆನ್ ಬುನ್‌ಸೆಕಿಶೊ" ಅಂದ್ರೆ ಆ ವಿಶ್ಲೇಷಣೆ ಪತ್ರ. ಅದರ ಪ್ರತಿ ಕಳಿಸಿ ಅಂತ ಇಮೇಲ್ ಮಾಡಿ. ನೀರಿನ ಬಗ್ಗೆ ಹೆಮ್ಮೆ ಇರೋ ಮನೆ ಅದನ್ನ ತನ್ನ ಜಾಲತಾಣದಲ್ಲೇ ಹಾಕಿರುತ್ತೆ. ಓದೋವಾಗ ನೋಡಬೇಕಾದ್ದು ಮೂರೇ ಅಂಕಿ. ಬುಗ್ಗೆಯ ಉಷ್ಣಾಂಶ: 42ಕ್ಕಿಂತ ಮೇಲಿದ್ರೆ ಕಾಯಿಸೋ ಅಗತ್ಯ ಬೀಳಲ್ಲ, 25ರಿಂದ 34 ಇದ್ರೆ ಖಂಡಿತ ಕಾಯಿಸ್ತಾರೆ. ಪಿಎಚ್, ಅಂದ್ರೆ ಹುಳಿ-ಕ್ಷಾರದ ಅಳತೆ: 3ಕ್ಕಿಂತ ಕಡಿಮೆ ಅಂದ್ರೆ ಹುಳಿನೀರು, ಗಾಯ ಇದ್ರೆ ಉರಿಯುತ್ತೆ, 8.5 ದಾಟಿದ್ರೆ ಮೈ ಜಾರುವಂತಾಗೋ ನೀರು. ಮೂರನೇದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತೆ ಅನ್ನೋದು, ಜನ ಇದನ್ನ ನೋಡೋದೇ ಇಲ್ಲ.

ಹಂಡೆನೀರು
ಆ ಮೂರನೇದೇ ಪ್ರಾಣ. ಲೆಕ್ಕ ಸುಲಭ. 4 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ತೊಟ್ಟಿ ಅಂದ್ರೆ 4,800 ಲೀಟರ್. ನಿಮಿಷಕ್ಕೆ 20 ಲೀಟರ್ ಬಂದ್ರೆ ಒಂದು ತೊಟ್ಟಿಯಷ್ಟು ಹೊಸ ನೀರಿಗೆ 4 ಗಂಟೆ. 5 ಲೀಟರ್ ಬಂದ್ರೆ 16 ಗಂಟೆ, ಅಷ್ಟರಲ್ಲಿ ಇಡೀ ರ್ಯೋಕಾನ್ ಅದರಲ್ಲಿ ಮುಳುಗಿ ಎದ್ದಿರುತ್ತೆ. ಐವತ್ತು ಕೋಣೆ, ಹತ್ತು ತೊಟ್ಟಿ, ಒಂದೇ ಸಣ್ಣ ಬುಗ್ಗೆ ಅಂತಿದ್ರೆ ಮರುಬಳಕೆ ಮಾಡದೆ ಅವರಿಗೂ ದಾರಿ ಇಲ್ಲ.

ತೊಟ್ಟಿ ನೋಡಿದ್ರೂ ಗೊತ್ತಾಗುತ್ತೆ. ಬಾಯಿಂದ ನೀರು ಜೋರಾಗಿ ಸುರೀತಿದ್ರೂ ಅಂಚಿನಿಂದ ಹೊರಗೆ ಹರೀತಿಲ್ಲ ಅಂದ್ರೆ ಆ ನೀರು ತಳದ ಜಾಲರಿಯಿಂದ ಹೀರಿಕೊಂಡು ಮತ್ತೆ ಬರ್ತಿದೆ. ನಿಜವಾಗಿ ಹರಿದು ಹೋಗೋ ಕಡೆ ಅಂಚಿನ ಕಲ್ಲು, ನೆಲ ಎಲ್ಲಾ ಖನಿಜ ಕಟ್ಟಿ ಕಂದೋ ಬಿಳಿಯೋ ಆಗಿರುತ್ತೆ.

ಕಾಸಗಲಕುಂಕುಮ
ಒಂದು ಮಾತು ಒಪ್ಪೋಕಾಗಲ್ಲ. ಕ್ಲೋರಿನ್ ಅಂದ ತಕ್ಷಣ ಕಳಪೆ ಅನ್ನೋ ಧಾಟಿ ಇಲ್ಲಿ ಕಾಣ್ತಿದೆ. 2002ರಲ್ಲಿ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾದಲ್ಲಿ ಸ್ನಾನದ ನೀರಿನಿಂದ ಲೀಜಿಯೊನೆಲ್ಲಾ ಹರಡಿ 7 ಜನ ಸತ್ತರು. ತೊಟ್ಟಿಯ ಹಬೆಯ ಹನಿಗಳ ಜೊತೆ ಶ್ವಾಸಕೋಶಕ್ಕೆ ಹೋಗೋ ಬ್ಯಾಕ್ಟೀರಿಯಾ ಅದು, ನ್ಯುಮೋನಿಯಾ ತರುತ್ತೆ, ವಯಸ್ಸಾದವರಿಗೆ ಪ್ರಾಣಕ್ಕೇ ಬರುತ್ತೆ. ಸೋಸುಗದ ಒಳಗೆ, ಪೈಪಿನ ಲೋಳೆಯಲ್ಲಿ ಅದು ಬೆಳೆಯುತ್ತೆ. ಮರುಬಳಕೆ ನೀರಿಗೆ ಲೀಟರ್‌ಗೆ 0.4 ಮಿಲಿಗ್ರಾಂ ಆಸುಪಾಸು ಕ್ಲೋರಿನ್ ಇರಲೇಬೇಕು. 2023ರ ಆರಂಭದಲ್ಲಿ ಫುಕುಒಕಾ ಪ್ರಾಂತ್ಯದ ಒಂದು ಹಳೇ ರ್ಯೋಕಾನ್ ಸುದ್ದಿಯಾಯ್ತಲ್ಲ, ವಾರಕ್ಕೊಮ್ಮೆ ಬದಲಿಸಬೇಕಾದ ನೀರನ್ನ ವರ್ಷಕ್ಕೆ ಎರಡೇ ಸಲ ಬದಲಿಸ್ತಿತ್ತು, ಕ್ಲೋರಿನ್ನೂ ಸರಿಯಾಗಿ ಹಾಕ್ತಿರಲಿಲ್ಲ. ಬ್ಯಾಕ್ಟೀರಿಯಾ ಮಿತಿಗಿಂತ 3,700 ಪಟ್ಟು ಸಿಕ್ತು. ಮರುಬಳಕೆ ತೊಟ್ಟಿಯಲ್ಲಿ ಕ್ಲೋರಿನ್ ವಾಸನೆ ಬಂದ್ರೆ ಅವರು ತಮ್ಮ ಕೆಲಸ ಮಾಡಿದ್ದಾರೆ ಅಂತ.

ಹಂಡೆನೀರು
@ಕಾಸಗಲಕುಂಕುಮ ಒಪ್ಪಿದೆ. ನನ್ನ ತಕರಾರು ಕ್ಲೋರಿನ್ ಮೇಲಲ್ಲ, ಮರುಬಳಕೆ ನೀರನ್ನ ಕಾಕೆನಾಗಾಶಿ ದರಕ್ಕೆ ಮಾರೋದ್ರ ಮೇಲೆ.

ನಿಶಿಕಸಾಯಿಕನ್ನಡಿಗ
ಕೋಣೆಯ ತೊಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಬೇರೆಯವರ ಮುಂದೆ ಬಟ್ಟೆ ಬಿಚ್ಚೋಕೆ ಸಂಕೋಚ ಅಂತ ನಮ್ಮವರು ಹೆಚ್ಚಾಗಿ "ಬಯಲು ತೊಟ್ಟಿ ಇರುವ ಕೋಣೆ"ಗೇ ದುಡ್ಡು ಹಾಕ್ತಾರೆ. ಎಷ್ಟೋ ಕಡೆ ಆ ತೊಟ್ಟಿಗೆ ಬರೋದು ಕಾಯಿಸಿದ ನಲ್ಲಿ ನೀರು. ಅಲ್ಲಿನವರು ಅದಕ್ಕೆ "ಸಯು" ಅಂತಾರೆ. ತೊಟ್ಟಿ ಇದೆ ಅಂದ ಮಾತ್ರಕ್ಕೆ ಓನ್ಸೆನ್ ನೀರು ಅಂತಲ್ಲ. "ಕೋಣೆಯ ತೊಟ್ಟಿಯ ನೀರು ಓನ್ಸೆನ್ನೋ ಸಯುನೋ?" ಅಂತ ಒಂದೇ ಸಾಲು ಕೇಳಿದ್ರೆ ಸಾಕು.
ಸಂಕೋಚವೇ ಕಾರಣ ಆಗಿದ್ರೆ ಅಗ್ಗದ ದಾರಿ "ಕಾಶಿಕಿರಿ": ಬೇರೆ ಸಣ್ಣ ತೊಟ್ಟಿ, 45 ಅಥವಾ 50 ನಿಮಿಷ ನಿಮಗೊಬ್ಬರಿಗೇ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ 2,000ದಿಂದ 4,000 ಯೆನ್. ಚೆಕ್-ಇನ್ ಆಗೋವಾಗಲೇ ಹೊತ್ತು ಗೊತ್ತು ಮಾಡ್ಕೊಳ್ಳಿ, ಸಂಜೆ 8ರ ಮೇಲಿನ ಸರದಿ ಮೊದಲು ಮುಗಿದು ಹೋಗುತ್ತೆ.

ಇಗುಸಾ
ಹಕೋನೆ ಬಗ್ಗೆ ಒಂದು ವಿಶೇಷ: ಓವಾಕುದಾನಿ ಕಣಿವೆಯಲ್ಲಿ ನೆಲದಿಂದ ಬರೋದು ಹಬೆ. ಅದಕ್ಕೆ ನೀರು ಹಾಯಿಸಿ ಬಿಸಿನೀರು ಮಾಡಿ ಪೈಪಿನಲ್ಲಿ ಕೆಳಗಿನ ಮನೆಗಳಿಗೆ ಕಳಿಸ್ತಾರೆ. ಅದೂ ಓನ್ಸೆನ್ನೇ, ಗಂಧಕ ಘಮ್ಮಂತಿರುತ್ತೆ, ಚೆನ್ನಾಗೂ ಇರುತ್ತೆ. "ನೈಸರ್ಗಿಕ" ಅನ್ನೋ ಪದ ಎಷ್ಟು ಸಡಿಲ ಅನ್ನೋದಕ್ಕೆ ಹೇಳಿದೆ.

ಒಗ್ಗರಣೆಡಬ್ಬಿ
ಊಟದ ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಜಪಾನಿ ಅಡುಗೆಮನೆಯ ಬುಡ ದಾಶಿ ಅನ್ನೋ ತಿಳಿ ರಸ. ಸಾಮಾನ್ಯ ಅಳತೆ: 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಅನ್ನೋ ಕಡಲ ಪಾಚಿ, ಮೇಲೆ 20-30 ಗ್ರಾಂ ಕತ್ಸುವೊಬುಶಿ, ಅಂದ್ರೆ ಒಣಗಿಸಿ ಹೊಗೆಹಾಕಿದ ಮೀನಿನ ಹೆರೆ. ರ್ಯೋಕಾನ್‌ನಲ್ಲಿ ಇದನ್ನ ದೊಡ್ಡ ಪಾತ್ರೆಯಲ್ಲಿ ಮುಂಚೆಯೇ ಮಾಡಿಟ್ಟಿರ್ತಾರೆ. ಬೇಯಿಸಿದ ತರಕಾರಿಗೆ ಅದೇ, ಮಿಸೊ ಸಾರಿಗೆ ಅದೇ, ಸೊಪ್ಪಿನ ಮೇಲೆ ಸುರಿಯೋ ರಸಕ್ಕೆ ಅದೇ, ಟೆಂಪುರಾ ಅನ್ನೋ ಬಜ್ಜಿ ಅದ್ದೋ ರಸಕ್ಕೂ ಅದೇ. "ಮೀನು ಬೇಡ" ಅಂತ ಸಂಜೆ 6ಕ್ಕೆ ಹೇಳಿದ್ರೆ ಅವರಿಂದಾಗೋದು ಮೀನಿನ ತುಂಡು ಎತ್ತಿಡೋದು ಮಾತ್ರ. ಬರೀ ಕೊಂಬು ದಾಶಿ ಮಾಡಬೇಕಾದ್ರೆ ಕೊಂಬನ್ನ ಗಂಟೆಗಟ್ಟಲೆ ನೆನೆಹಾಕಬೇಕು, ಆಮೇಲೆ ಸಣ್ಣ ಉರಿಯಲ್ಲಿ 60 ಡಿಗ್ರಿ ಹತ್ತಿರ ಇಟ್ಟು ಕುದಿಯೋ ಮುಂಚೆ ತೆಗೀಬೇಕು, ಕುದ್ರೆ ಲೋಳೆ ಕಹಿ ಎರಡೂ ಬರುತ್ತೆ. ಜೊತೆಗೆ ಒಂಬತ್ತೂ ಬಟ್ಟಲಿಗೆ ಬೇರೆ ಅಡುಗೆ. ಒಂದು ವಾರ ಮೊದಲು ಹೇಳದೆ ಇದು ಆಗೋ ಮಾತಲ್ಲ.

"ವೆಜಿಟೇರಿಯನ್" ಅನ್ನೋ ಪದ ನೆಚ್ಕೋಬೇಡಿ. ಅಲ್ಲಿ ಎಷ್ಟೋ ಜನಕ್ಕೆ ಅದರ ಅರ್ಥ ಮಾಂಸ ಇಲ್ಲ, ಮೀನು ಪರವಾಗಿಲ್ಲ ಅಂತ. ಹೀಗೆ ಬರೀರಿ: "ನಿಕು, ಸಕಾನಾ, ಎಬಿ, ಕಾಯಿ, ಕತ್ಸುವೊ ದಾಶಿ ತಬೆರಾರೆಮಾಸೆನ್. ಕೊಂಬು ದಾಶಿ ದಾಯಿಜೋಬು ದೆಸು." ಮಾಂಸ, ಮೀನು, ಸಿಗಡಿ, ಚಿಪ್ಪುಮೀನು, ಮೀನಿನ ದಾಶಿ ತಿನ್ನಲ್ಲ, ಕೊಂಬು ದಾಶಿ ಆಗುತ್ತೆ ಅಂತ. ಮೊಟ್ಟೆ ಬೇಡ ಅಂದ್ರೆ "ತಮಾಗೊ" ಕೂಡ ಸೇರಿಸಿ. "ಆಗಲ್ಲ" ಅಂತ ಉತ್ತರ ಬಂದ್ರೆ ಬೇಜಾರು ಬೇಡ, ಅದು ಪ್ರಾಮಾಣಿಕ ಉತ್ತರ. ಅಂಥ ಮನೆಯನ್ನ ಊಟವಿಲ್ಲದೆ ತಗೊಳ್ಳಿ, ಅದಕ್ಕೆ "ಸುದೊಮಾರಿ" ಅಂತಾರೆ, ದರ ಗಣನೀಯವಾಗಿ ಇಳಿಯುತ್ತೆ.

ಧಾರ್ವಾಡಫೇಡೆ
ಮುಂಜಾನಿ ನಾಷ್ಟಾದಾಗೂ ಹುಷಾರ್ ಇರಬೇಕ್ರಿ. ನಾತ್ತೊ (ಹುದುಗಿಸಿದ ಸೋಯಾ ಕಾಳು) ಜೊತಿ ಬರೂ ಸಣ್ಣ ಸಾಸ್ ಪೊಟ್ಟಣದಾಗ ಮೀನಿನ ಸತ್ವ ಇರ್ತದ. ಮಸಾಲಿ ಹಚ್ಚಿದ ನೋರಿ (ಕಡಲ ಪಾಚಿ) ಹಾಳಿಯೊಳಗ ಕೆಲವಕ್ಕ ಸಿಗಡಿ. ಉಮೆಬೋಶಿ ಉಪ್ಪಿನಕಾಯಿಗೂ ಕತ್ಸುವೊ ಬೆರಸಿದ್ದು ಒಂದು ನಮೂನಿ ಅದ. ಬಿಳಿ ಅನ್ನ, ಬರೀ ತೋಫು, ಸಾದಾ ಉಪ್ಪು, ಇಷ್ಟು ನಂಬಬಹುದು. ಟೆಂಪುರಾ ತಗೊಂಡ್ರ ರಸದ ಬದಲಿ ಉಪ್ಪು ಕೇಳ್ರಿ, ಕೊಡ್ತಾರ.

ಸೋನಾಮಸೂರಿ
ಚಟ್ನಿಪುಡಿ ಡಬ್ಬಿ ಒಯ್ದರೆ ಸಾಕಲ್ವಾ?

ನಿಶಿಕಸಾಯಿಕನ್ನಡಿಗ
@ಸೋನಾಮಸೂರಿ ಕೋಣೆಯಲ್ಲಿ ತಿನ್ನಿ, ಊಟದ ಹಾಲ್‌ಗೆ ಹೊರಗಿನ ತಿಂಡಿ ತರೋದು ಅವರಿಗೆ ಹಿಡಿಸಲ್ಲ. ಹಸಿ ಕರಿಬೇವು, ಹಣ್ಣು ಮಾತ್ರ ಚೀಲಕ್ಕೆ ಹಾಕಬೇಡಿ. ಸಸ್ಯ ತಪಾಸಣೆ ಪತ್ರ ಇಲ್ಲದಿದ್ರೆ ವಿಮಾನ ನಿಲ್ದಾಣದಲ್ಲೇ ಕಿತ್ಕೊಳ್ತಾರೆ.

ಒಗ್ಗರಣೆಡಬ್ಬಿ
ಕಟ್ಟುನಿಟ್ಟಿನವರಿಗೆ ನನ್ನ ಸಲಹೆ ರ್ಯೋಕಾನ್ ಅಲ್ಲವೇ ಅಲ್ಲ. ಕೋಯಸಾನ್ ಅನ್ನೋ ಬೌದ್ಧ ದೇವಾಲಯಗಳ ಊರಿಗೆ ಹೋಗಿ. ಒಸಾಕಾದ ನಂಬಾದಿಂದ ನಾನ್ಕಾಯಿ ರೈಲು, ಕೊನೆಗೆ ಕೇಬಲ್ ಕಾರ್, ಸುಮಾರು 800 ಮೀಟರ್ ಎತ್ತರದ ಊರು. ಅಲ್ಲಿನ ಐವತ್ತರಷ್ಟು ದೇವಾಲಯಗಳಲ್ಲಿ ತಂಗಬಹುದು. ಅಲ್ಲಿನ ಶೋಜಿನ್ ಅನ್ನೋ ಬೌದ್ಧ ಸನ್ಯಾಸಿಗಳ ಊಟದಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಅವರ ಶಾಸ್ತ್ರದಲ್ಲೇ ಐದು ಘಾಟಿನ ಸೊಪ್ಪು-ಗೆಡ್ಡೆ ನಿಷಿದ್ಧ. ದಾಶಿ ಕೊಂಬು ಮತ್ತು ಒಣ ಅಣಬೆಯದು. ಎಳ್ಳಿನ ಹಾಲಿಗೆ ಕುಜು ಗೆಡ್ಡೆಯ ಹಿಟ್ಟು ಹಾಕಿ ಕಡೆದ ಗೋಮಾದೋಫು ಅಂತೂ ನಮ್ಮ ಹಾಲುಬಾಯಿಯ ಹತ್ತಿರದ ನೆಂಟ, ಸಿಹಿ ಮಾತ್ರ ಇಲ್ಲ.

ಕುಡ್ಲದಕಡಲು
ಆದ್ರೆ ಅಲ್ಲಿ ಓನ್ಸೆನ್ ಇಲ್ವಲ್ಲ ಅಕ್ಕ, ಇವರು ಕೇಳಿದ್ದು ಬಿಸಿನೀರು.

ಒಗ್ಗರಣೆಡಬ್ಬಿ
@ಕುಡ್ಲದಕಡಲು ಫುಕುಚಿ-ಇನ್ ಅನ್ನೋ ಒಂದು ದೇವಾಲಯದಲ್ಲಿ ಮಾತ್ರ ಉಂಟು. ಉಳಿದ ಕಡೆ ಮಾಮೂಲಿ ಬಿಸಿನೀರು. ಸಂಜೆ 5.30ಕ್ಕೆ ಊಟ, ಬೆಳಗ್ಗೆ 6ರ ಹೊತ್ತಿಗೆ ಪ್ರಾರ್ಥನೆ. ಚಳಿಗಾಲದಲ್ಲಿ ಹಿಮ ಬೀಳುತ್ತೆ.

ಕಾಸಗಲಕುಂಕುಮ
ಹೆಂಗಸರಿಗೆ ಒಂದು ಎಚ್ಚರಿಕೆ, ಇದನ್ನ ಯಾವ ಪ್ರವಾಸದ ಪುಸ್ತಕವೂ ನಮಗಾಗಿ ಬರೆಯಲ್ಲ. ಗಂಧಕದ ನೀರಿಗೆ ಬೆಳ್ಳಿಯ ಕಾಲುಂಗುರ, ಕಾಲ್ಗೆಜ್ಜೆ ಹಾಕ್ಕೊಂಡು ಇಳಿಯಬೇಡಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬೆಳ್ಳಿ ಮೇಲೆ ಕಪ್ಪು ಪದರ ಕಟ್ಟುತ್ತೆ, ನಿಮಿಷಗಳಲ್ಲೇ. ಗಂಡಸರ ಬೆಳ್ಳಿ ಉಡದಾರಕ್ಕೂ ಅದೇ ಗತಿ. ಚಿನ್ನದಲ್ಲಿ ತಾಮ್ರ ಬೆರೆತಿರೋದ್ರಿಂದ ಸರವೂ ಮಂಕಾಗಬಹುದು. ಬಿಚ್ಚೋಕೆ ಮನಸ್ಸಿಲ್ಲ ಅಂದ್ರೆ ಗಂಧಕ ಇಲ್ಲದ, ಸಾದಾ ಬುಗ್ಗೆ ಇರೋ ಊರು ಆರಿಸ್ಕೊಳ್ಳಿ. ಕಪ್ಪಾಗಿಬಿಟ್ಟಿದ್ರೆ ಅಲ್ಯೂಮಿನಿಯಂ ಹಾಳೆ ಹಾಸಿದ ಬಟ್ಟಲಲ್ಲಿ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ, ಅದರಲ್ಲಿ ಬೆಳ್ಳಿ ಹಾಳೆಗೆ ತಾಗೋ ಹಾಗೆ ಇಟ್ರೆ ಬಿಡುತ್ತೆ.

ಸೋನಾಮಸೂರಿ
ಹಚ್ಚೆ ಇದ್ದರೆ?

ಇಗುಸಾ
@ಸೋನಾಮಸೂರಿ 2015ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆ ಕೇಳಿದಾಗ ಉತ್ತರ ಕೊಟ್ಟ ಸುಮಾರು 600 ಕಡೆಗಳಲ್ಲಿ 56 ಶೇಕಡಾ "ಬಿಡಲ್ಲ" ಅಂದವು. ಸಣ್ಣದಾದ್ರೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿದ್ರೆ ಕೆಲವರು ಒಪ್ತಾರೆ. ಕಿನೊಸಾಕಿ ಊರಿನ 7 ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ಅಡ್ಡಿ ಇಲ್ಲ. ಆ ಊರಿನ ಯಾವುದೇ ರ್ಯೋಕಾನ್‌ನಲ್ಲಿ ಉಳಿದ್ರೆ ಏಳಕ್ಕೂ ಪಾಸ್ ಪುಕ್ಕಟೆ, ಒಂದೊಂದಕ್ಕೆ ವಾರದ ಒಂದೊಂದು ದಿನ ರಜೆ ಇರುತ್ತೆ, ನೋಡ್ಕೊಂಡು ಹೋಗಿ.

ದಾರಿಬುತ್ತಿ
ಹಾಸಿಗೆ ಮರೆತೇಬಿಟ್ರಲ್ಲ ಎಲ್ಲರೂ. ತತಾಮಿ (ಹುಲ್ಲಿನ ಚಾಪೆಯ ನೆಲ) ಮೇಲೆ ಹಾಸೋ ಹಾಸಿಗೆ ತೆಳುವಾಗೇ ಇರುತ್ತೆ. ಇನ್ನೊಂದು ಹಾಸಿ ಅಂತ ಕೇಳಿದ್ರೆ ಎರಡು ಒಟ್ಟಿಗೆ ಹಾಸ್ತಾರೆ, ಹಲವು ಕಡೆ ಬೀರುವಿನಲ್ಲೇ ಹೆಚ್ಚಿನವು ಇರುತ್ತೆ. ಅಪ್ಪ-ಅಮ್ಮನಿಗೆ ಮಂಡಿನೋವಿದ್ರೆ ಬುಕ್ ಮಾಡುವಾಗಲೇ "ವಯೋಶಿತ್ಸು" ಹುಡುಕಿ, ತತಾಮಿಯ ಜೊತೆ ಮಂಚವೂ ಇರೋ ಕೋಣೆ. ಊಟಕ್ಕೆ "ಇಸು-ಸೆಕಿ" ಅಂತ ಕೇಳಿ, ಕುರ್ಚಿ ಮೇಜು. ಇಲ್ಲದಿದ್ರೆ ಕಾಲಿಲ್ಲದ ಕುರ್ಚಿಯಲ್ಲಿ ಒಂದೂವರೆ ಗಂಟೆ ನೆಲಕ್ಕೆ ಕೂರಬೇಕು. ಹಳೇ ಮರದ ಮನೆ ಅಂದ್ರೆ ಲಿಫ್ಟ್ ಇಲ್ಲ, ಶೌಚಾಲಯ ಹೊರಗಿರಬಹುದು, ಪಕ್ಕದ ಕೋಣೆಯ ಕೆಮ್ಮೂ ಕೇಳುತ್ತೆ. ಅದು ದೋಷ ಅಲ್ಲ, ಆ ಮನೆಯ ಸ್ವಭಾವ.

ಧಾರ್ವಾಡಫೇಡೆ
ಹೊತ್ತಿನ ಮಾತೂ ಹೇಳ್ಬೇಕು. 3ಕ್ಕ ಚೆಕ್-ಇನ್, 6ಕ್ಕ ಊಟ, ಮರುದಿನ 10ಕ್ಕ ಹೊರಗ. ಊರು ನೋಡ್ಕೊಂಡು ರಾತ್ರಿ 8ಕ್ಕ ಹೋದ್ರ ಊಟ ಹೋತು, ರೊಕ್ಕ ವಾಪಸ್ ಬರೂದಿಲ್ಲ. ಶನಿವಾರ ಬ್ಯಾಡ, ಭಾನುವಾರದಿಂದ ಗುರುವಾರ ತನಕ ಅದೇ ಕೋಣಿ ಅಗ್ಗ. ಏಪ್ರಿಲ್ 29ರಿಂದ ಮೇ 5ರ ತನಕಾ, ಆಗಸ್ಟ್ ನಡುವ, ಹೊಸವರ್ಷ, ಈ ಮೂರೂ ಹೊತ್ತಿಗೆ ಆ ಕಡಿ ತಲಿ ಹಾಕಬ್ಯಾಡ್ರಿ. ಬಿಲ್‌ನಾಗ ತಲಿಗೆ 150 ಯೆನ್ ಸ್ನಾನದ ತೆರಿಗಿ ಬಂದ್ರ ಗಾಬರಿ ಆಗಬ್ಯಾಡ್ರಿ, ಅದು ಊರಿಗೆ ಹೋಗೂ ರೊಕ್ಕ.

ಮಲೆನಾಡಮಳೆ
ಎಲ್ಲ ಓದಿದೆ. ನೀರು, ಹಾಸಿಗೆ ವಿಚಾರದಲ್ಲಿ ಕೇಳದೇ ಇದ್ದದ್ದು ನಿಜ, ಒಪ್ಪುತ್ತೇನೆ. ಆದರೆ "ಸಸ್ಯಾಹಾರಕ್ಕೆ ವ್ಯವಸ್ಥೆ" ಅಂತ ಅವರೇ ಬರೆದಿದ್ದರಲ್ಲ? ಹತ್ತು ದಿನ ಮುಂಚೆ ಇಮೇಲ್ ಹೋಗಿತ್ತು, "ಸರಿ" ಅಂತ ಉತ್ತರವೂ ಬಂದಿತ್ತು.

ಕಾಸಗಲಕುಂಕುಮ
ಅದು ಅವರದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಬರೆದುಕೊಟ್ಟದ್ದನ್ನ ಕೊಡಲಿಲ್ಲ. ಮೊದಲ ಬಟ್ಟಲು ಬಂದಾಗಲೇ ಆ ಇಮೇಲ್ ತೋರಿಸಿ ಬಡಿಸುವವರನ್ನ ನಿಲ್ಲಿಸಬೇಕು. ತಿಂದು ಮುಗಿಸಿ, ಬೆಳಗ್ಗೆ ಬಿಲ್ ಕಟ್ಟಿ, ಮನೆಗೆ ಬಂದು ವಿಮರ್ಶೆ ಬರೆದರೆ ಅವರು ವಿನಯದಿಂದ ಕ್ಷಮೆ ಕೇಳ್ತಾರೆ, ಅಷ್ಟೇ. ಈಗಲೂ ತಡ ಅಲ್ಲ: ಬುಕ್ ಮಾಡಿದ ಜಾಲತಾಣಕ್ಕೆ ಇಮೇಲ್ ಪ್ರತಿ, ಜಾಹೀರಾತಿನ ಚಿತ್ರ, ಊಟದ ಚಿತ್ರ ಕಳಿಸಿ, ಊಟದ ಪಾಲು ಮಾತ್ರ ಕೇಳಿ. ಅದೇ ಮನೆಯ ಸುದೊಮಾರಿ ದರ ನೋಡಿದ್ರೆ ಊಟದ ಪಾಲು ಎಷ್ಟು ಅಂತ ಲೆಕ್ಕ ಸಿಗುತ್ತೆ. ಪೂರ್ತಿ ದುಡ್ಡು ಕೇಳಿದ್ರೆ ಏನೂ ಸಿಗಲ್ಲ.

ನಿಶಿಕಸಾಯಿಕನ್ನಡಿಗ
ಜಪಾನ್ ಒಳಗಿರೋರಾದ್ರೆ 188 ಗ್ರಾಹಕ ಸಹಾಯವಾಣಿ ಇದೆ. ಜಪಾನಿ ಬಲ್ಲವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ.

ಹಂಡೆನೀರು
ಇನ್ನೊಂದು ಕಾರಣಕ್ಕೂ ಹೆಸರು ನೋಡಿ ಮರುಳಾಗಬೇಡಿ. 2018ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕಾನೂನಿನಲ್ಲಿ ಹೋಟೆಲ್, ರ್ಯೋಕಾನ್ ಎರಡೂ ಒಂದೇ ವರ್ಗ. ಇಷ್ಟು ತತಾಮಿ ಕೋಣೆ ಇರಬೇಕು ಅನ್ನೋ ಕಟ್ಟುಪಾಡು ಈಗಿಲ್ಲ.
@ಮಲೆನಾಡಮಳೆ ಮತ್ತೆ ಹೋಗೋ ಮನಸ್ಸಿದ್ರೆ ಕುಸಾತ್ಸು ನೋಡಿ. ಪಿಎಚ್ 2ರ ಹತ್ತಿರದ ಹುಳಿನೀರು, ಊರ ನಡುವೆಯೇ ಬಿಸಿಬಿಸಿಯಾಗಿ ಉಕ್ಕುತ್ತೆ. ತಣ್ಣೀರು ಬೆರೆಸಿದ್ರೆ ಸತ್ವ ಕೆಡುತ್ತೆ ಅಂತ ಉದ್ದ ಹಲಗೆಗಳಿಂದ ಕಡೆದು ಆರಿಸೋ ಪದ್ಧತಿ ಅಲ್ಲಿಯದು. ಒಂದು ಸಲಕ್ಕೆ ಮೂರು ನಿಮಿಷ ಸಾಕು. ಕಾಲಲ್ಲಿ ಗಾಯ ಇಲ್ಲದಾಗ ಹೋಗಿ.

ಮಲೆನಾಡಮಳೆ
ಇಮೇಲ್, ಚಿತ್ರ ಎಲ್ಲ ಇದೆ. ಸುದೊಮಾರಿ ದರ ಈಗಲೇ ನೋಡಿದೆ, ತಲಾ 17,000 ಯೆನ್. ಹಾಗಾದರೆ ಕೇಳಬೇಕಾದ್ದು ಇಬ್ಬರಿಗೆ 24,000. ಇವತ್ತೇ ಬರೆಯುತ್ತೇನೆ.

ಕಾಸಗಲಕುಂಕುಮ
ಅನ್ನ, ಎರಡು ತರಕಾರಿ ತಿಂದಿದ್ದೀರಿ, ಬೆಳಗಿನ ತಿಂಡಿಯೂ ಇತ್ತು. 15,000 ಕೇಳಿ, ಒಪ್ಪೋ ಸಾಧ್ಯತೆ ಜಾಸ್ತಿ.

ಧಾರ್ವಾಡಫೇಡೆ
ಯಾಕ್ರೀ? 24,000ನೇ ಕೇಳ್ಲಿ. ಇಳಿಸೂದು ಅವರ ಕೆಲಸ.